ಕಂಪನಿಗಳು ಕೈಬಿಟ್ಟ ವರ್ಷಗಳು

1998ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ನಾಲ್ಕು ಲಕ್ಷಕ್ಕೂ ಹೆಚ್ಚು ಹಿರಿಯರ ಮತ್ತು ಅಂಗವಿಕಲರ ಮನೆಗೆ ಅಂಚೆಯಲ್ಲಿ ಒಂದು ಪತ್ರ ಬಂತು. ಕಳಿಸಿದ ಕಂಪನಿಗಳು ಬೇರೆ ಬೇರೆ, ತಿಳಿಸಿದ ಸಂಗತಿ ಮಾತ್ರ ಒಂದೇ. ಡಿಸೆಂಬರ್ 31ರ ರಾತ್ರಿಗೆ ನಿಮ್ಮ ಆರೋಗ್ಯ ವಿಮೆ ಮುಗಿಯುತ್ತದೆ, ಏಕೆಂದರೆ ನಿಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ನಾವು ಇನ್ನು ಮುಂದೆ ವ್ಯವಹಾರ ನಡೆಸುವುದಿಲ್ಲ. ಪತ್ರ ಓದಿದವರು ಪ್ರೀಮಿಯಂ ಬಾಕಿ ಇಟ್ಟುಕೊಂಡವರಲ್ಲ, ಸುಳ್ಳು ಕ್ಲೇಮು ಹಾಕಿದವರೂ ಅಲ್ಲ. ಅವರ ವಯಸ್ಸು ಎಪ್ಪತ್ತೋ ಎಂಬತ್ತೋ ಇತ್ತು. ಹಲವರಿಗೆ ಸಕ್ಕರೆ ಕಾಯಿಲೆ, ಹಲವರಿಗೆ ಹೃದಯದ ತೊಂದರೆ. ವಾಸಿಸುತ್ತಿದ್ದ ಊರಿನ ಲೆಕ್ಕ ಕಂಪನಿಗೆ ಗಿಟ್ಟಲಿಲ್ಲ ಎಂಬುದೊಂದೇ ಕಾರಣ.

ಮುಂದಿನ ನಾಲ್ಕು ವರ್ಷವೂ ಹೀಗೇ ಆಯಿತು. 1999ರಿಂದ 2003ರವರೆಗೆ ಹೀಗೆ ವಿಮೆ ಕಳೆದುಕೊಂಡವರ ಲೆಕ್ಕ ಸುಮಾರು 24 ಲಕ್ಷ. ಇವರಲ್ಲಿ ಕೆಲವರು ಎರಡೆರಡು ಸಲ ಸಿಕ್ಕಿಬಿದ್ದವರು. ಒಂದು ಕಂಪನಿ ಬಿಟ್ಟಿತೆಂದು ಇನ್ನೊಂದಕ್ಕೆ ಹೋದರು, ಮರುವರ್ಷ ಅದೂ ಹೊರಟಿತು. ಇದನ್ನು ಬರೀ ವಿಮಾ ಮಾರುಕಟ್ಟೆಯ ಏರುಪೇರು ಎಂದು ಓದಿದರೆ ಮುಖ್ಯವಾದುದು ಕಣ್ಣಿಗೆ ಬೀಳುವುದಿಲ್ಲ. ಕಂಪನಿಗೆ ವರ್ಷಕ್ಕೊಮ್ಮೆ ಹೊರಹೋಗುವ ಹಕ್ಕನ್ನೂ ವೃದ್ಧರಿಗೆ ಜೀವಮಾನದಲ್ಲಿ ಒಂದೇ ಸಲ ಒಳಬರುವ ಹಕ್ಕನ್ನೂ ಕೊಟ್ಟ ಕಾನೂನಿನ ಕಥೆ ಇದು. ಆ ಕಾನೂನಿನ ಬೇರು 1965ರಲ್ಲಿದೆ.

ಆ ವರ್ಷ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣಕ್ಕೆ ಹೋಗಿ, ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಎದುರಿಗೆ, ಹಿರಿಯರಿಗೆ ಸರ್ಕಾರವೇ ಆರೋಗ್ಯ ವಿಮೆ ಕೊಡುವ ಮೆಡಿಕೇರ್ ಕಾಯ್ದೆಗೆ ಸಹಿ ಹಾಕಿದರು. ಎಲ್ಲರಿಗೂ ಆರೋಗ್ಯ ವಿಮೆ ಬೇಕೆಂದು ಎರಡು ದಶಕದ ಹಿಂದೆ ಹೋರಾಡಿ ಸೋತವರು ಟ್ರೂಮನ್. ಮೊದಲ ಮೆಡಿಕೇರ್ ಕಾರ್ಡು ಅವರಿಗೇ ಸಂದಿತು. 1966ರ ಜುಲೈ 1ರಂದು ಯೋಜನೆ ಜಾರಿಗೆ ಬಂದಾಗ 65 ದಾಟಿದ ಸುಮಾರು 1 ಕೋಟಿ 90 ಲಕ್ಷ ಜನ ಅದರ ಆಶ್ರಯಕ್ಕೆ ಬಂದರು. ಆಸ್ಪತ್ರೆ ಖರ್ಚಿಗೆ 'ಎ' ಭಾಗ, ವೈದ್ಯರ ಶುಲ್ಕಕ್ಕೆ 'ಬಿ' ಭಾಗ.

ಆದರೆ ಖರ್ಚನ್ನೆಲ್ಲ ಸರ್ಕಾರ ಹೊರಲಿಲ್ಲ. ಆಸ್ಪತ್ರೆಗೆ ಸೇರಿದಾಗ ಮೊದಲ 40 ಡಾಲರನ್ನು ರೋಗಿಯೇ ಕೊಡಬೇಕಿತ್ತು. ವೈದ್ಯರ ಬಿಲ್ಲಿನಲ್ಲಿ ಮೊದಲ 50 ಡಾಲರು, ಅದರಾಚೆಗೆ ಶೇಕಡಾ 20 ಕೂಡ ರೋಗಿಯ ಪಾಲು. ಹೊರಗಡೆ ಕೊಂಡ ಔಷಧಿಗೆ ಏನೂ ಸಿಗುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ರೋಗಿ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ತೆರಬೇಕಿಲ್ಲ ಎಂಬ ಮಿತಿಯೇ ಇರಲಿಲ್ಲ. ಶೇಕಡಾ 20 ಎಂಬುದು ನೂರು ಡಾಲರಿನ ಬಿಲ್ಲಿನಲ್ಲಿ ಸಣ್ಣದು. ಕ್ಯಾನ್ಸರ್ ಚಿಕಿತ್ಸೆಯ ಬಿಲ್ಲಿನಲ್ಲಿ ಮನೆ ಮಾರಿಸುವಷ್ಟು ದೊಡ್ಡದು. ಆಸ್ಪತ್ರೆಯ ಆ 40 ಡಾಲರು 1998ರ ಹೊತ್ತಿಗೆ 764 ಡಾಲರಿಗೆ ಏರಿತ್ತು.

ಈ ಕೊರತೆ ತುಂಬಲು ಖಾಸಗಿ ಕಂಪನಿಗಳು ಪೂರಕ ವಿಮೆ ಮಾರತೊಡಗಿದವು. ಜನ ಅದನ್ನು ಮೆಡಿಗ್ಯಾಪ್ ಎಂದು ಕರೆದರು. ಮೊದಲ ಇಪ್ಪತ್ತೈದು ವರ್ಷ ಅದು ಹೇಳುವವರು ಕೇಳುವವರಿಲ್ಲದ ವ್ಯಾಪಾರವಾಗಿತ್ತು. ಒಂದು ಪಾಲಿಸಿಯಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಲು ಸಾಮಾನ್ಯರಿಗೆ ಸಾಧ್ಯವಿಲ್ಲ. ಒಂಟಿಯಾಗಿರುವ ವೃದ್ಧೆಯರ ಮನೆಗೆ ಏಜೆಂಟರು ಮತ್ತೆ ಮತ್ತೆ ಹೋಗಿ, ಇರುವ ಪಾಲಿಸಿಯ ಮೇಲೆ ಅದೇ ಬಗೆಯ ಇನ್ನೊಂದು, ಅದರ ಮೇಲೆ ಮತ್ತೊಂದು ಮಾರಿದರು. ಒಂದೇ ಬಿಲ್ಲಿಗೆ ಎರಡು ಪಾಲಿಸಿ ಹಣ ಕೊಡುವುದಿಲ್ಲ ಎಂಬುದು ಕೊಂಡವರಿಗೆ ತಿಳಿಯುತ್ತಿದ್ದದ್ದು ಆಸ್ಪತ್ರೆಯಿಂದ ಬಂದ ಮೇಲೆ. 1978ರಲ್ಲಿ ಫ್ಲೋರಿಡಾದ ಕ್ಲಾಡ್ ಪೆಪ್ಪರ್ ಅಧ್ಯಕ್ಷತೆಯ ಸಂಸದೀಯ ಸಮಿತಿ ವಿಚಾರಣೆ ನಡೆಸಿದಾಗ ಈ ವಂಚನೆಗಳು ಬಯಲಿಗೆ ಬಂದವು. 1980ರಲ್ಲಿ ಮೊಂಟಾನಾದ ಸೆನೆಟರ್ ಮ್ಯಾಕ್ಸ್ ಬಾಕಸ್ ತಂದ ತಿದ್ದುಪಡಿ ಒಂದಿಷ್ಟು ಲಗಾಮು ಹಾಕಿತು. ಕಟ್ಟಿಸಿಕೊಂಡ ಪ್ರೀಮಿಯಂನಲ್ಲಿ ಕನಿಷ್ಠ ಶೇಕಡಾ 60ರಷ್ಟಾದರೂ ಕ್ಲೇಮಿನ ರೂಪದಲ್ಲಿ ಜನರಿಗೆ ಮರಳುವ ಗುರಿ ಇರಬೇಕೆಂದಿತು. ಆದರೂ ಅದರಲ್ಲಿ ಕಡ್ಡಾಯಕ್ಕಿಂತ ಸ್ವಯಂಪ್ರೇರಣೆಯ ಭಾಗವೇ ಹೆಚ್ಚು.

ಮೆಡಿಗ್ಯಾಪ್‌ನ ಅಗತ್ಯವನ್ನೇ ತಗ್ಗಿಸುವ ಅವಕಾಶವೊಂದು 1988ರಲ್ಲಿ ಬಂದು ಕೈತಪ್ಪಿತು. ಆ ಜುಲೈನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆ ರೋಗಿಯ ಖರ್ಚಿಗೆ ವಾರ್ಷಿಕ ಮಿತಿ ಹಾಕುವುದಾಗಿಯೂ ಔಷಧಿಗೆ ನೆರವು ಕೊಡುವುದಾಗಿಯೂ ಹೇಳಿತು. ಹಣ ಮಾತ್ರ ವೃದ್ಧರಿಂದಲೇ ಬರಬೇಕಿತ್ತು, ಅನುಕೂಲಸ್ಥರು ವರ್ಷಕ್ಕೆ 800 ಡಾಲರಿನವರೆಗೆ ಹೆಚ್ಚುವರಿ ತೆರಿಗೆ ಕಟ್ಟಬೇಕಿತ್ತು. ಮಾಜಿ ಉದ್ಯೋಗದಾತರಿಂದ ಇಂಥದೇ ವಿಮೆ ಪಡೆದಿದ್ದವರು ರೇಗಿದರು. 1989ರ ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ಪ್ರಭಾವಿ ಸಂಸದ ಡ್ಯಾನ್ ರೋಸ್ಟೆನ್‌ಕೌಸ್ಕಿಯವರ ಕಾರನ್ನು ವೃದ್ಧರು ಅಡ್ಡಗಟ್ಟಿದರು, ಅವರು ಇಳಿದು ಓಡಬೇಕಾಯಿತು. ವರ್ಷ ಮುಗಿಯುವ ಮೊದಲೇ ಸಂಸತ್ತು ಕಾಯ್ದೆಯನ್ನು ರದ್ದು ಮಾಡಿತು. ಮೆಡಿಕೇರ್‌ನ ದೊಡ್ಡ ಬಿರುಕನ್ನು ಸರ್ಕಾರವೇ ಮುಚ್ಚುವ ಪ್ರಯತ್ನ ಅಲ್ಲಿಗೆ ನಿಂತಿತು. ಆ ಬಿರುಕಿನ ಹೊಣೆ ಮತ್ತೆ ಖಾಸಗಿ ಕಂಪನಿಗಳ ಪಾಲಾಯಿತು.

ಆಗ ಸಂಸತ್ತು ಆ ಕಂಪನಿಗಳನ್ನೇ ಬಿಗಿಯಾಗಿ ಹಿಡಿಯಲು ಹೊರಟಿತು. 1990ರ ನವೆಂಬರ್‌ನ ಬಜೆಟ್ ಕಾಯ್ದೆಯಲ್ಲಿ ಬಂದ ಮೆಡಿಗ್ಯಾಪ್ ಸುಧಾರಣೆ, ಈ ಕ್ಷೇತ್ರದ ಮಟ್ಟಿಗೆ ನಿಜವಾದ ಗ್ರಾಹಕ ರಕ್ಷಣೆ. 1992ರಿಂದ ಬಹುತೇಕ ಎಲ್ಲ ರಾಜ್ಯಗಳಲ್ಲಿ 'ಎ'ಯಿಂದ 'ಜೆ'ವರೆಗಿನ ಹತ್ತೇ ಮಾದರಿಯ ಪಾಲಿಸಿಗಳನ್ನು ಮಾರಬೇಕಾಯಿತು. ಯಾವ ಕಂಪನಿ ಮಾರಿದರೂ 'ಎಫ್' ಎಂದರೆ ಒಂದೇ 'ಎಫ್'. ಬೆಲೆ ಹೋಲಿಸುವುದು ಸುಲಭವಾಯಿತು. ಒಬ್ಬರಿಗೆ ಎರಡೆರಡು ಪಾಲಿಸಿ ಮಾರುವುದು ನಿಷಿದ್ಧವಾಯಿತು. ಪ್ರೀಮಿಯಂ ಕಟ್ಟುತ್ತಿರುವವರೆಗೆ ಪಾಲಿಸಿಯನ್ನು ಕಂಪನಿ ರದ್ದು ಮಾಡುವಂತಿಲ್ಲ ಎಂಬ ಖಾತರಿ ಬಂತು. 65 ತುಂಬಿ 'ಬಿ' ಭಾಗಕ್ಕೆ ಸೇರಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಿದರೆ ಎಂಥ ಕಾಯಿಲೆಯಿದ್ದರೂ ಕಂಪನಿ ಇಲ್ಲವೆನ್ನುವಂತಿಲ್ಲ, ಕಾಯಿಲೆಯ ಕಾರಣಕ್ಕೆ ಬೆಲೆ ಏರಿಸುವಂತೆಯೂ ಇಲ್ಲ.

ಆ ಆರು ತಿಂಗಳು ಕಳೆದರೆ ರಕ್ಷಣೆಯೂ ಕಳೆಯಿತು. ಏಳನೆಯ ತಿಂಗಳಲ್ಲಿ ಅರ್ಜಿ ಹಾಕಿದವರ ಮುಂದೆ ಕಂಪನಿ ಆರೋಗ್ಯದ ಪ್ರಶ್ನಾವಳಿ ಇಡಬಹುದು, ಉತ್ತರ ಹಿಡಿಸದಿದ್ದರೆ ಬಾಗಿಲು ಹಾಕಬಹುದು. ಇನ್ನು 65 ತುಂಬದ ಅಂಗವಿಕಲರಿಗೆ, ಮೂತ್ರಪಿಂಡ ಸೋತವರಿಗೆ 1973ರಿಂದ ಮೆಡಿಕೇರ್ ಸಿಗುತ್ತಿದ್ದರೂ ಮೆಡಿಗ್ಯಾಪ್ ಕೊಳ್ಳುವ ಹಕ್ಕನ್ನು ಕೇಂದ್ರ ಕಾನೂನು ಕೊಡಲೇ ಇಲ್ಲ. ರಾಜ್ಯಗಳಿಗೆ ಬಿಟ್ಟುಕೊಟ್ಟಿತು.

ರದ್ದು ಮಾಡುವಂತಿಲ್ಲ ಎಂಬ ಖಾತರಿಯಲ್ಲೂ ಒಂದು ಸೂಕ್ಷ್ಮವಿತ್ತು. ಕಂಪನಿ ನಿಮ್ಮೊಬ್ಬರನ್ನು ಹೊರಹಾಕುವಂತಿಲ್ಲ ನಿಜ. ಆದರೆ ಆ ಪಾಲಿಸಿಯನ್ನು ಹೊಸಬರಿಗೆ ಮಾರುವುದನ್ನು ನಿಲ್ಲಿಸಬಹುದು, ಆ ಮಾರುಕಟ್ಟೆಯನ್ನೇ ತೊರೆಯಬಹುದು. ಆಮೇಲೆ ನಡೆಯುವುದು ನಿಧಾನದ ಕೆಲಸ. ಹೊಸದಾಗಿ 65 ತುಂಬಿದವರು ಆ ಗುಂಪಿಗೆ ಸೇರುವುದಿಲ್ಲ. ಇರುವವರಲ್ಲಿ ಗಟ್ಟಿಮುಟ್ಟಾದವರು ಬೇರೆ ಕಂಪನಿಯ ಪ್ರಶ್ನಾವಳಿಯಲ್ಲಿ ಪಾಸಾಗಿ ಅಗ್ಗದ ಪಾಲಿಸಿಗೆ ಹೋಗುತ್ತಾರೆ. ಉಳಿಯುವವರು ಎಲ್ಲಿಗೂ ಹೋಗಲಾರದ ರೋಗಿಗಳು. ಗುಂಪು ವರ್ಷವರ್ಷ ಕಿರಿದಾಗಿ, ಮುದಿಯಾಗಿ, ಕಾಯಿಲೆ ಹೆಚ್ಚಾಗಿ, ಪ್ರೀಮಿಯಂ ಏರುತ್ತಲೇ ಹೋಗುತ್ತದೆ. ಕಂಪನಿ ಕೈಬಿಡಲಿಲ್ಲ ಎಂದು ಕಾಗದ ಹೇಳುತ್ತದೆ. ಕಟ್ಟಲಾರದೆ ಕೈಬಿಟ್ಟವರು ಪಾಲಿಸಿದಾರರು ಎಂದಾಗುತ್ತದೆ. ಒಂದು ಮಾದರಿಯ ಮಾರಾಟ ನಿಲ್ಲಿಸಿದ ಕಂಪನಿ ಅದೇ ರಾಜ್ಯದಲ್ಲಿ ಅದೇ ಮಾದರಿಯನ್ನು ಐದು ವರ್ಷ ಹೊಸದಾಗಿ ತರುವಂತಿಲ್ಲ ಎಂಬ ನಿಯಮ ಇದನ್ನು ತಡೆಯಲೆಂದೇ ಬಂದದ್ದು. ಒಡೆತನ ಒಂದೇ ಆದರೂ ಹೆಸರು ಬೇರೆಯಾದ ಸೋದರ ಕಂಪನಿಯ ಮೂಲಕ ಮಾರಿದರೆ ಆ ನಿಯಮ ದಾಟಿಹೋಗುತ್ತಿತ್ತು.

ಕಂಪನಿ ಹೊರಟಾಗಲೆಲ್ಲ ಪಾಲಿಸಿದಾರರು ಹಾಳಾಗಲೇಬೇಕೆಂದೇನಿಲ್ಲ ಎಂಬುದಕ್ಕೂ ಅದೇ ಕಾಲದಲ್ಲಿ ಉದಾಹರಣೆಯಿದೆ. ನಿವೃತ್ತರ ಬೃಹತ್ ಸಂಘವಾದ ಎಎಆರ್‌ಪಿಯ ಸದಸ್ಯರಿಗೆ ಮೆಡಿಗ್ಯಾಪ್ ಕೊಡುತ್ತಿದ್ದದ್ದು ಪ್ರುಡೆನ್ಷಿಯಲ್. 1998ರ ಜನವರಿ 1ರಿಂದ ಆ ಹೊಣೆ ಯುನೈಟೆಡ್ ಹೆಲ್ತ್‌ಕೇರ್‌ಗೆ ಹೋಯಿತು. ಲಕ್ಷಾಂತರ ಜನರ ವಿಮೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಸರಿದರೂ ಯಾರೂ ಆರೋಗ್ಯದ ಪರೀಕ್ಷೆಗೆ ನಿಲ್ಲಬೇಕಾಗಲಿಲ್ಲ. ಒಪ್ಪಂದ ಇದ್ದದ್ದು ಸಂಘದ ಕೈಯಲ್ಲಿ, ಗುಂಪು ಒಡೆಯದೆ ಇಡಿಯಾಗಿ ಸಾಗಿತು. ಗುಂಪು ಚೂರಾಗದಂತೆ ಹಿಡಿದಿಡುವ ಯಾರಾದರೂ ಇದ್ದರೆ ಕಂಪನಿಯ ನಿರ್ಗಮನ ಬರೀ ವಿಳಾಸ ಬದಲಾದಷ್ಟೇ. ಮುಂದೆ ಎಚ್‌ಎಂಒಗಳ ವಿಷಯದಲ್ಲಿ ಹಾಗೆ ಹಿಡಿದಿಡುವವರು ಇರಲಿಲ್ಲ.

ಎಚ್‌ಎಂಒ ಅಂದರೆ ತನ್ನದೇ ಆಸ್ಪತ್ರೆ, ವೈದ್ಯರ ಜಾಲ ಇಟ್ಟುಕೊಂಡು, ತಲೆಗಿಷ್ಟೆಂದು ಹಣ ಪಡೆದು ಚಿಕಿತ್ಸೆ ನೋಡಿಕೊಳ್ಳುವ ವಿಮಾ ಸಂಸ್ಥೆ. 1982ರ ಕಾಯ್ದೆಯ ಬಲದಿಂದ 1985ರಲ್ಲಿ ಇವು ದೊಡ್ಡ ಪ್ರಮಾಣದಲ್ಲಿ ಮೆಡಿಕೇರ್‌ಗೆ ಕಾಲಿಟ್ಟವು. ಆ ಕೌಂಟಿಯಲ್ಲಿ ಒಬ್ಬರಿಗೆ ಸರ್ಕಾರಕ್ಕೆ ಸರಾಸರಿ ತಗಲುವ ಖರ್ಚಿನ ಶೇಕಡಾ 95ನ್ನು ಎಚ್‌ಎಂಒಗೆ ಕೊಡುವುದು, ಉಳಿದ ಐದು ಸರ್ಕಾರಕ್ಕೆ ಉಳಿತಾಯ ಎಂಬುದು ಲೆಕ್ಕ. ಎಚ್ಚರಿಕೆಯ ಗಂಟೆ ಬೇಗನೇ ಮೊಳಗಿತು. ಮಯಾಮಿಯ ಇಂಟರ್‌ನ್ಯಾಷನಲ್ ಮೆಡಿಕಲ್ ಸೆಂಟರ್ಸ್ ಎಂಬ ಸಂಸ್ಥೆ ಫ್ಲೋರಿಡಾದ ಲಕ್ಷಕ್ಕೂ ಮಿಕ್ಕಿದ ವೃದ್ಧರನ್ನು ಸೇರಿಸಿಕೊಂಡು 1987ರಲ್ಲಿ ಕುಸಿಯಿತು. ಅದರ ಮುಖ್ಯಸ್ಥ ಮಿಗೆಲ್ ರೆಕಾರಿ ಆರೋಪಗಳನ್ನು ಎದುರಿಸದೆ ದೇಶ ಬಿಟ್ಟ. ಆ ಸದಸ್ಯರನ್ನು ಹ್ಯುಮಾನಾ ಕಂಪನಿ ವಹಿಸಿಕೊಂಡದ್ದರಿಂದ ದೊಡ್ಡ ಅನಾಹುತ ತಪ್ಪಿತು. ಪಾಠ ಮಾತ್ರ ಯಾರ ತಲೆಗೂ ಹೋಗಲಿಲ್ಲ.

1990ರ ದಶಕದಲ್ಲಿ ಎಚ್‌ಎಂಒಗಳಿಗೆ ಜನ ಮುಗಿಬಿದ್ದರು. ಕಾರಣ ಸರಳ. ಮೆಡಿಗ್ಯಾಪ್‌ಗೆ 1999ರಲ್ಲಿ ವರ್ಷಕ್ಕೆ ಸರಾಸರಿ 1,300 ಡಾಲರಿಗೂ ಹೆಚ್ಚು ಕಟ್ಟಬೇಕಿತ್ತು. ಅದೇ ಕಾಲದಲ್ಲಿ ನಿವೃತ್ತ ಕಾರ್ಮಿಕರೊಬ್ಬರ ಸರಾಸರಿ ಪಿಂಚಣಿ ತಿಂಗಳಿಗೆ ಸುಮಾರು 800 ಡಾಲರು. ಎಚ್‌ಎಂಒಗೆ ಸೇರಿದರೆ ಹಲವು ಊರುಗಳಲ್ಲಿ ಹೆಚ್ಚುವರಿ ಪ್ರೀಮಿಯಂ ಸೊನ್ನೆ. ಮೇಲಾಗಿ ಔಷಧಿ, ಕನ್ನಡಕದ ಅನುಕೂಲ ಬೇರೆ. ಹತ್ತಾರು ವರ್ಷದಿಂದ ಇಟ್ಟುಕೊಂಡಿದ್ದ ಮೆಡಿಗ್ಯಾಪ್ ಪಾಲಿಸಿಯನ್ನು ಬಿಟ್ಟು ಬಂದವರು ಅಸಂಖ್ಯ. ದಶಕದ ಕೊನೆಗೆ 63 ಲಕ್ಷ ಮೆಡಿಕೇರ್ ಫಲಾನುಭವಿಗಳು, ಅಂದರೆ ಆರರಲ್ಲೊಬ್ಬರು ಎಚ್‌ಎಂಒಗಳಲ್ಲಿದ್ದರು.

ಸರ್ಕಾರ ಕೊಡುತ್ತಿದ್ದ ತಲೆವಾರು ದರ ಮಾತ್ರ ಊರಿಂದೂರಿಗೆ ಅಜಗಜಾಂತರ. 1997ರಲ್ಲಿ ನ್ಯೂಯಾರ್ಕ್‌ನ ರಿಚ್ಮಂಡ್ ಕೌಂಟಿಯಲ್ಲಿ ಒಬ್ಬರಿಗೆ ತಿಂಗಳಿಗೆ 767 ಡಾಲರು, ನೆಬ್ರಾಸ್ಕಾದ ಆರ್ಥರ್ ಕೌಂಟಿಯಲ್ಲಿ 221 ಡಾಲರು. ಎಚ್‌ಎಂಒಗಳು ದುಡ್ಡಿರುವ ನಗರಗಳಿಗೆ ನುಗ್ಗಿದವು, ಹಳ್ಳಿಗಳತ್ತ ತಿರುಗಿ ನೋಡಲಿಲ್ಲ. 1997ರ ಆಗಸ್ಟ್ 5ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಸಮತೋಲಿತ ಬಜೆಟ್ ಕಾಯ್ದೆ ಇದನ್ನು ಸರಿಪಡಿಸಲು ಹೊರಟಿತು. ಯೋಜನೆಗೆ 'ಮೆಡಿಕೇರ್ ಪ್ಲಸ್ ಚಾಯ್ಸ್' ಎಂಬ ಹೊಸ ಹೆಸರು ಬಂತು. ಅತಿ ಕಡಿಮೆ ದರದ ಕೌಂಟಿಗಳಿಗೆ 1998ಕ್ಕೆ 367 ಡಾಲರಿನ ಕನಿಷ್ಠ ದರ ನಿಗದಿಯಾಯಿತು. ದೊಡ್ಡ ನಗರಗಳ ದರ ವರ್ಷಕ್ಕೆ ಶೇಕಡಾ 2ರಷ್ಟು ಮಾತ್ರ ಏರುವಂತಾಯಿತು. ಹೊಸ ವ್ಯವಸ್ಥೆಯಲ್ಲಿ 2005ರ ಹೊತ್ತಿಗೆ ಮೂರರಲ್ಲಿ ಒಬ್ಬರು ಖಾಸಗಿ ಯೋಜನೆಗಳಲ್ಲಿರುತ್ತಾರೆ ಎಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜು ಹಾಕಿತ್ತು.

ಆದದ್ದು ತದ್ವಿರುದ್ಧ. ಅದೇ ಕಾಯ್ದೆ ಆಸ್ಪತ್ರೆಗಳ, ಮನೆಗೆ ಹೋಗಿ ಮಾಡುವ ಶುಶ್ರೂಷೆಯ ದರಗಳನ್ನೂ ಕತ್ತರಿಸಿದ್ದರಿಂದ ಮೆಡಿಕೇರ್‌ನ ಒಟ್ಟು ಖರ್ಚು 1999ರಲ್ಲಿ ಮೊದಲ ಬಾರಿಗೆ ಇಳಿಯಿತು. ದರ ಏರಿಕೆ ಆ ಖರ್ಚಿಗೆ ಕಟ್ಟಿಹಾಕಿಕೊಂಡಿದ್ದರಿಂದ ಎಚ್‌ಎಂಒಗಳಿಗೆ ಸಿಕ್ಕಿದ್ದು ಶೇಕಡಾ 2 ಮಾತ್ರ. ಇತ್ತ ಔಷಧಿ ಬೆಲೆ ದಾಪುಗಾಲು ಹಾಕುತ್ತಿತ್ತು. ಕಡಿಮೆ ದರಕ್ಕೆ ಒಪ್ಪಿದ್ದ ಆಸ್ಪತ್ರೆಗಳೂ ವೈದ್ಯರ ಗುಂಪುಗಳೂ ಹೆಚ್ಚು ಕೇಳತೊಡಗಿದ್ದವು. ಮುಂದಿನ ವರ್ಷದ ಸೌಲಭ್ಯ, ಪ್ರೀಮಿಯಂ ಎಷ್ಟೆಂದು ಕಂಪನಿಗಳು ಮೇ ತಿಂಗಳಲ್ಲೇ ಬರೆದುಕೊಡಬೇಕಿತ್ತು. 1998ರ ಸೆಪ್ಟೆಂಬರ್‌ನಲ್ಲಿ ಅವು, ನಮ್ಮ ಲೆಕ್ಕ ತಪ್ಪಿತು, ಸೌಲಭ್ಯ ಕಡಿಮೆ ಮಾಡಲು, ಪ್ರೀಮಿಯಂ ಏರಿಸಲು ಬಿಡಿ ಎಂದು ಕೇಳಿದವು. ಮೆಡಿಕೇರ್ ನಡೆಸುತ್ತಿದ್ದ ಇಲಾಖೆ ಒಪ್ಪಲಿಲ್ಲ. ಇಂದು ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಕೊನೆ ಗಳಿಗೆಯಲ್ಲಿ ಸೌಲಭ್ಯ ಕೀಳುತ್ತಾರೆ ಎಂಬುದು ಅದರ ವಾದ. ಆ ವಾದದಲ್ಲಿ ಹುರುಳಿತ್ತು. ಆದರೆ ಕಂಪನಿಗಳ ಕೈಯಲ್ಲಿ ಇನ್ನೊಂದು ದಾರಿಯಿತ್ತು, ಅದನ್ನು ಹಿಡಿದವು. ಅಕ್ಟೋಬರ್ ಮೊದಲ ವಾರ 45 ಒಪ್ಪಂದಗಳು ಪೂರ್ತಿ ಮುಗಿದವು, 54 ಒಪ್ಪಂದಗಳಿಂದ ಕೆಲವು ಕೌಂಟಿಗಳು ಕಳಚಿಬಿದ್ದವು. 4,07,000 ಜನರ ವಿಮೆ ಹೋಯಿತು. ಅವರಲ್ಲಿ ಸುಮಾರು 50,000 ಜನರ ಊರಿನಲ್ಲಿ ಇನ್ನೊಂದು ಎಚ್‌ಎಂಒ ಇರಲಿಲ್ಲ.

ಈ ಗಳಿಗೆಯನ್ನು ಸಂಸತ್ತು ಪೂರ್ತಿ ಊಹಿಸಿರಲಿಲ್ಲ ಎನ್ನಲಾಗದು. 1997ರ ಕಾಯ್ದೆಯಲ್ಲೇ ಒಂದು ರಕ್ಷಣೆಯಿತ್ತು. ಕಂಪನಿ ಬಿಟ್ಟುಹೋದರೆ, ವಿಮೆ ಮುಗಿದ ದಿನದಿಂದ 63 ದಿನದೊಳಗೆ ಅರ್ಜಿ ಹಾಕಿದವರಿಗೆ 'ಎ', 'ಬಿ', 'ಸಿ', 'ಎಫ್' ಎಂಬ ನಾಲ್ಕು ಮಾದರಿಯ ಮೆಡಿಗ್ಯಾಪ್ ಪಾಲಿಸಿಗಳನ್ನು ಆರೋಗ್ಯದ ಪ್ರಶ್ನೆ ಕೇಳದೆ ಕೊಡಲೇಬೇಕು. 1998ರ ಡಿಸೆಂಬರ್ 31ಕ್ಕೆ ವಿಮೆ ಮುಗಿದರೆ 1999ರ ಮಾರ್ಚ್ 4 ಕೊನೆಯ ದಿನ. ಕಂಪನಿ ಕಳಿಸಿದ ಪತ್ರವನ್ನು ಜೋಪಾನವಾಗಿಟ್ಟು ಅರ್ಜಿಯ ಜತೆ ಲಗತ್ತಿಸಬೇಕು, ಏಕೆಂದರೆ ಹಕ್ಕಿಗೆ ಪುರಾವೆ ಅದೇ. ಬೇಸರದಿಂದ ಪತ್ರವನ್ನು ಕಸಕ್ಕೆ ಎಸೆದವರಿಗೆ ಹಕ್ಕು ಸಾಬೀತು ಮಾಡುವುದೇ ಕಷ್ಟ. ಅದಕ್ಕಿಂತ ಕ್ರೂರವಾದ ಇನ್ನೊಂದು ತೊಡಕಿತ್ತು. ಪತ್ರ ಕಂಡ ಕೂಡಲೇ ಗಾಬರಿಯಾಗಿ, ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ ತಾವೇ ಎಚ್‌ಎಂಒ ಬಿಟ್ಟವರನ್ನು ಕಾನೂನು ಸ್ವಇಚ್ಛೆಯಿಂದ ಹೊರಬಂದವರೆಂದು ನೋಡಬಹುದಿತ್ತು. ಜಾಗರೂಕರಾಗಿ ಬೇಗ ಎದ್ದವರೇ ಹಕ್ಕು ಕಳೆದುಕೊಳ್ಳುವ ಸ್ಥಿತಿ. 1999ರ ತಿದ್ದುಪಡಿ ಇದನ್ನು ಸರಿಪಡಿಸಿ, ನೋಟಿಸು ಬಂದ ದಿನದಿಂದಲೇ ಬೇರೆ ವಿಮೆ ಹುಡುಕಲು ಅವಕಾಶ ಕೊಟ್ಟಿತು. ಮೊದಲ ಅಲೆಗೆ ಸಿಕ್ಕವರ ಪಾಲಿಗೆ ಅದು ತಡವಾಗಿತ್ತು.

ರಕ್ಷಣೆಯ ಒಳಗೇ ಇನ್ನೂ ದೊಡ್ಡ ರಂಧ್ರವಿತ್ತು. ಖಾತರಿಯ ಆ ನಾಲ್ಕು ಮಾದರಿಗಳಲ್ಲಿ ಯಾವುದೂ ಔಷಧಿಗೆ ಹಣ ಕೊಡುತ್ತಿರಲಿಲ್ಲ. ಔಷಧಿ ಇದ್ದದ್ದು 'ಎಚ್', 'ಐ', 'ಜೆ' ಮಾದರಿಗಳಲ್ಲಿ. ಅವುಗಳಿಗೆ ಆರೋಗ್ಯದ ಪ್ರಶ್ನಾವಳಿ ದಾಟಬೇಕು. ತಿಂಗಳಿಗೆ 150 ಡಾಲರಿನ ಮಾತ್ರೆ ನುಂಗುವವರೊಬ್ಬರ ಲೆಕ್ಕ ಹಾಕೋಣ. ವರ್ಷಕ್ಕೆ 1,800 ಡಾಲರು. 'ಎಚ್' ಪಾಲಿಸಿ ಸಿಕ್ಕಿದರೆ ಮೊದಲ 250 ಅವರದು, ಮಿಕ್ಕ 1,550ರಲ್ಲಿ ಅರ್ಧವಾದ 775ನ್ನು ಕಂಪನಿ ಕೊಡುತ್ತದೆ. ವರ್ಷಕ್ಕೆ 1,250 ಡಾಲರಿಗಿಂತ ಹೆಚ್ಚು ಕೊಡುವುದಿಲ್ಲ. ಅಲ್ಪಸ್ವಲ್ಪವಾದರೂ ಇದು ಆಸರೆಯೇ. ಆದರೆ ತಿಂಗಳಿಗೆ 150 ಡಾಲರಿನ ಔಷಧಿ ಬೇಕಾದವರು ಪ್ರಶ್ನಾವಳಿ ದಾಟುವುದು ಕಷ್ಟ, ದಾಟುವವರಿಗೆ ಅಷ್ಟು ಔಷಧಿ ಬೇಕಾಗುವುದಿಲ್ಲ. ಔಷಧಿಗೆಂದೇ ಎಚ್‌ಎಂಒ ಸೇರಿದ್ದವರು ಔಷಧಿಯನ್ನೇ ಕಳೆದುಕೊಂಡು, ತಾವು ಬಿಟ್ಟುಬಂದಿದ್ದ ಮೆಡಿಗ್ಯಾಪ್‌ಗೆ ಏರಿದ ವಯಸ್ಸಿನ ಏರಿದ ದರ ಕಟ್ಟಿ ಮರಳಿದರು. ಮೊದಲ ಬಾರಿಗೆ ಎಚ್‌ಎಂಒ ಸೇರಿ ಹನ್ನೆರಡು ತಿಂಗಳೊಳಗೆ ವಾಪಸಾದವರು ಹಳೆಯ ಪಾಲಿಸಿಯನ್ನೇ ಪಡೆಯಬಹುದಿತ್ತು, ಹಳೆಯ ಕಂಪನಿ ಅದನ್ನು ಇನ್ನೂ ಮಾರುತ್ತಿದ್ದರೆ ಮಾತ್ರ. 65 ತುಂಬದ ಅಂಗವಿಕಲರಲ್ಲಿ ಹಲವರ ಪಾಲಿಗೆ ಈ ದಾರಿಯೂ ಇರಲಿಲ್ಲ.

ಎರಡನೆಯ ಅಲೆ 2000ದಲ್ಲಿ 3,27,000 ಜನರನ್ನು ಹೊರಹಾಕಿತು. 2001ರದ್ದು ಎಲ್ಲಕ್ಕಿಂತ ದೊಡ್ಡದು, 9,34,000 ಜನ. ಏಟ್ನಾ ಕಂಪನಿಯೊಂದರಿಂದಲೇ ಸುಮಾರು ಮೂರೂವರೆ ಲಕ್ಷ, ಸಿಗ್ನಾದಿಂದ ಒಂದು ಲಕ್ಷಕ್ಕೂ ಮೇಲ್ಪಟ್ಟು. ಆ ವರ್ಷ 1,59,000 ಜನರ ಊರಿನಲ್ಲಿ ಬೇರೆ ಯಾವ ಎಚ್‌ಎಂಒ ಕೂಡ ಉಳಿಯಲಿಲ್ಲ. ಗಾಬರಿಗೊಂಡ ಸಂಸತ್ತು 2000ದ ಡಿಸೆಂಬರ್‌ನಲ್ಲಿ ಕನಿಷ್ಠ ದರವನ್ನು ದೊಡ್ಡ ನಗರ ಪ್ರದೇಶಗಳಲ್ಲಿ 525, ಉಳಿದೆಡೆ 475 ಡಾಲರಿಗೆ ಏರಿಸಿತು. ಬಿಟ್ಟುಹೋದವರು ಮರಳಿ ಬರಲಿ ಎಂಬುದು ಆಶಯ. ಮರಳಿದವರು ತೀರಾ ಕಡಿಮೆ. ಬಂದ ಹಣ ಬಹುಮಟ್ಟಿಗೆ ಆಸ್ಪತ್ರೆ, ವೈದ್ಯರ ದರಕ್ಕೆ ಹೋಯಿತು. 2002ರಲ್ಲಿ ಮತ್ತೆ 5,36,000 ಜನ ವಿಮೆ ಕಳೆದುಕೊಂಡರು, 2003ರಲ್ಲಿ ಇನ್ನೂ ಎರಡು ಲಕ್ಷಕ್ಕೂ ಹೆಚ್ಚು. 63 ಲಕ್ಷವಿದ್ದ ಸದಸ್ಯತ್ವ 46 ಲಕ್ಷಕ್ಕೆ ಕುಸಿಯಿತು.

ಹೊರಬಿದ್ದವರಿಗೆ ಏನಾಯಿತು? ಮೊದಲ ಅಲೆಗೆ ಸಿಕ್ಕವರನ್ನು ಕೈಸರ್ ಫ್ಯಾಮಿಲಿ ಫೌಂಡೇಶನ್ ನೆರವಿನಲ್ಲಿ ಸಂಶೋಧಕರು ಮಾತಾಡಿಸಿದರು. ಮೂರನೆಯ ಎರಡರಷ್ಟು ಜನ ಇನ್ನೊಂದು ಎಚ್‌ಎಂಒ ಹಿಡಿದಿದ್ದರು. ಸುಮಾರು ಮೂರರಲ್ಲೊಬ್ಬರಿಗೆ ಸೌಲಭ್ಯ ಕಡಿಮೆಯಾಗಿತ್ತು, ಹತ್ತರಲ್ಲಿ ನಾಲ್ವರು ಹೆಚ್ಚು ಪ್ರೀಮಿಯಂ ಕಟ್ಟುತ್ತಿದ್ದರು. ಏಳರಲ್ಲೊಬ್ಬರಿಗೆ ಔಷಧಿ ಸೌಲಭ್ಯ ಪೂರ್ತಿ ಹೋಗಿತ್ತು. ಐವರಲ್ಲೊಬ್ಬರು ವೈದ್ಯರನ್ನೇ ಬದಲಿಸಬೇಕಾಗಿ ಬಂತು. ತೀರಾ ವಯಸ್ಸಾದವರಿಗೆ, ಅಂಗವಿಕಲರಿಗೆ, ಬಡತನದ ಗೆರೆಗಿಂತ ಒಂದಿಷ್ಟೇ ಮೇಲಿದ್ದವರಿಗೆ ಪೆಟ್ಟು ಹೆಚ್ಚು ಬಿತ್ತು. ಬಹುಪಾಲು ಜನ ಹೇಗೋ ಸುಧಾರಿಸಿಕೊಂಡರು ಎಂದೂ ಈ ಅಂಕಿಗಳನ್ನು ಓದಬಹುದು, ಹಾಗೆ ಓದಿದವರೂ ಇದ್ದರು. ಆದರೆ ಸಕ್ಕರೆ ಕಾಯಿಲೆಯ ಎಪ್ಪತ್ತೆಂಟರ ಅಜ್ಜಿಗೆ ತನ್ನ ದೇಹವನ್ನು ಬಲ್ಲ ವೈದ್ಯರು ತಪ್ಪಿಹೋಗುವುದು ಶೇಕಡಾವಾರಿನಲ್ಲಿ ಅಳೆಯುವಂಥ ನಷ್ಟವಲ್ಲ.

ಕಾರಣ ಯಾರು ಎಂಬ ಬಗ್ಗೆ ಅಂದೇ ಭಿನ್ನಾಭಿಪ್ರಾಯ ಎದ್ದಿತ್ತು. ಸರ್ಕಾರ ಕೊಟ್ಟ ಹಣ ಸಾಲಲಿಲ್ಲ, ನಿಯಮಗಳ ಹೊರೆ ಹೆಚ್ಚಾಯಿತು ಎಂದು ವಿಮಾ ಉದ್ಯಮ ವಾದಿಸಿತು. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಇದನ್ನು ಅರ್ಧದಷ್ಟೇ ಒಪ್ಪಿತು. ಹೆಚ್ಚಿನ ದರವಿದ್ದ ಕೌಂಟಿಗಳಿಂದಲೂ ಕಂಪನಿಗಳು ಹೊರಟಿವೆ. ಇತ್ತೀಚೆಗೆ ಬಂದವು, ಸದಸ್ಯರು ಕಡಿಮೆ ಇದ್ದವು, ಬಲಾಢ್ಯ ಪ್ರತಿಸ್ಪರ್ಧಿ ಎದುರಿದ್ದವು ಮೊದಲು ಜಾಗ ಖಾಲಿ ಮಾಡಿವೆ ಎಂದು ತೋರಿಸಿತು. ಎಚ್‌ಎಂಒ ಸೇರಿದವರು ಸರಾಸರಿಗಿಂತ ಆರೋಗ್ಯವಂತರಾದ್ದರಿಂದ, ಅವರನ್ನು ಮೂಲ ಮೆಡಿಕೇರ್‌ನಲ್ಲೇ ಇಟ್ಟಿದ್ದರೆ ಆಗುತ್ತಿದ್ದ ಖರ್ಚಿಗಿಂತ 1998ರಲ್ಲಿ ಸುಮಾರು 520 ಕೋಟಿ ಡಾಲರು ಹೆಚ್ಚು ಕೊಟ್ಟಂತಾಗಿದೆ ಎಂದೂ ಲೆಕ್ಕ ಹಾಕಿತು. ಎರಡೂ ವಾದಗಳಲ್ಲಿ ಸತ್ಯವಿದೆ. ಸರ್ಕಾರ ಉಳಿತಾಯವನ್ನೂ ಆಯ್ಕೆಯನ್ನೂ ಒಟ್ಟಿಗೆ ಬಯಸಿತು. ಕಂಪನಿಗಳು ಕೊಡಲಾಗದ ಸೌಲಭ್ಯವನ್ನು ತೋರಿಸಿ ಜನರನ್ನು ಸೇರಿಸಿಕೊಂಡವು. ಆ ಎರಡು ಆಸೆಗಳ ನಡುವೆ ಸಿಕ್ಕ ವೃದ್ಧರ ಪರವಾಗಿ ಚೌಕಾಸಿ ಮಾಡುವವರು ಯಾರೂ ಆ ಮೇಜಿನ ಮುಂದೆ ಕೂತಿರಲಿಲ್ಲ.

ಇದರ ಪರಿಣಾಮ ದೂರ ಸಾಗಿತು. ಔಷಧಿ ಕಳೆದುಕೊಂಡ ಲಕ್ಷಾಂತರ ಮತದಾರರ ಅಳಲು 2000ದ ಅಧ್ಯಕ್ಷೀಯ ಚುನಾವಣೆಯ ಮುಖ್ಯ ವಿಷಯಗಳಲ್ಲೊಂದಾಯಿತು. 2003ರ ಡಿಸೆಂಬರ್ 8ರಂದು ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆ ಔಷಧಿಗೆಂದೇ 'ಡಿ' ಭಾಗವನ್ನು ತಂದಿತು, 2006ರಿಂದ ಅದು ಜಾರಿಯಾಯಿತು. ಮೆಡಿಗ್ಯಾಪ್ ಮೂಲಕ ಔಷಧಿ ವಿಮೆ ಹೊಸದಾಗಿ ಮಾರುವುದು ಅಲ್ಲಿಗೆ ನಿಂತಿತು. ನಾಲ್ಕು ದಶಕದ ಕೊರತೆಯೊಂದು ತುಂಬಿದ್ದರಲ್ಲಿ ಈ ನಿರ್ಗಮನಗಳ ಪಾಲು ದೊಡ್ಡದು. ಅದೇ ಕಾಯ್ದೆ ಎಚ್‌ಎಂಒ ಯೋಜನೆಗೆ 'ಮೆಡಿಕೇರ್ ಅಡ್ವಾಂಟೇಜ್' ಎಂದು ಮರುನಾಮಕರಣ ಮಾಡಿ ಕಂಪನಿಗಳಿಗೆ ಕೈತುಂಬ ಹಣ ಕೊಟ್ಟಿತು. 2009ರ ಹೊತ್ತಿಗೆ ಮೂಲ ಮೆಡಿಕೇರ್‌ನಲ್ಲಿ ನೂರು ಡಾಲರು ಆಗುವ ಕಡೆ ಈ ಕಂಪನಿಗಳಿಗೆ ಸುಮಾರು 114 ಡಾಲರು ಹೋಗುತ್ತಿತ್ತು. ಹೋದವರು ಬಂದರು, ಜನರೂ ಬಂದರು. 2010ರ ಆರೋಗ್ಯ ಕಾಯ್ದೆ ಆ ದರವನ್ನು ಇಳಿಸಿದರೂ ಹರಿವು ನಿಲ್ಲಲಿಲ್ಲ. 2023ರ ಹೊತ್ತಿಗೆ ಅರ್ಹ ಮೆಡಿಕೇರ್ ಫಲಾನುಭವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಖಾಸಗಿ ಯೋಜನೆಗಳಲ್ಲಿದ್ದರು.

ಬದಲಾಗದೆ ಉಳಿದದ್ದು ಮೆಡಿಗ್ಯಾಪ್‌ನ ಆ ಆರು ತಿಂಗಳ ನಿಯಮ. ಕನೆಕ್ಟಿಕಟ್, ನ್ಯೂಯಾರ್ಕ್, ಮೆಸಚೂಸೆಟ್ಸ್, ಮೇನ್ ಈ ನಾಲ್ಕು ರಾಜ್ಯಗಳಲ್ಲಿ ಮಾತ್ರ 65 ದಾಟಿದವರು ಕಾಯಿಲೆಯಿದ್ದರೂ ಆಮೇಲೆ ಮೆಡಿಗ್ಯಾಪ್‌ಗೆ ಬರಲು ನಿರಂತರವಾಗಿಯೋ ವರ್ಷಕ್ಕೊಮ್ಮೆಯೋ ಅವಕಾಶವಿದೆ. ಉಳಿದೆಡೆ ಅಡ್ವಾಂಟೇಜ್ ಯೋಜನೆ ಸಾಕಾಗಿ ತಾವಾಗಿ ಬಿಟ್ಟವರನ್ನು ಮೆಡಿಗ್ಯಾಪ್ ಕಂಪನಿ ಬೇಡವೆನ್ನಬಹುದು. ಕಂಪನಿಯೇ ಕೌಂಟಿ ತೊರೆದರೆ ಆ 63 ದಿನದ ಹಕ್ಕು ಸಿಗುತ್ತದೆ. 2025ಕ್ಕೂ 2026ಕ್ಕೂ ದೊಡ್ಡ ಕಂಪನಿಗಳು ಹಲವು ಕೌಂಟಿಗಳಿಂದ ಹಿಂದೆ ಸರಿದಾಗ ಲಕ್ಷಾಂತರ ಜನರ ಮನೆಗೆ ಮತ್ತೆ ಅಂಥ ಪತ್ರಗಳೇ ಬಂದವು.

ಮಕ್ಕಳ ಜತೆ ಇರಲೆಂದು ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಹೋದ ನಮ್ಮ ಕಡೆಯ ತಂದೆತಾಯಿಯರಿಗೂ ಆ ಆರು ತಿಂಗಳ ನಿಯಮ ಅನ್ವಯಿಸುತ್ತದೆ. ಅಲ್ಲಿ ದುಡಿದ ದಾಖಲೆಯಿಲ್ಲದವರೂ ಐದು ವರ್ಷ ಸತತ ವಾಸವಿದ್ದ ಮೇಲೆ, 65 ತುಂಬಿದ್ದರೆ, ಪ್ರೀಮಿಯಂ ಕಟ್ಟಿ ಮೆಡಿಕೇರ್ ಸೇರಬಹುದು. ಎಪ್ಪತ್ತರಲ್ಲಿ 'ಬಿ' ಭಾಗಕ್ಕೆ ಸೇರಿದರೂ ಮೆಡಿಗ್ಯಾಪ್‌ನ ಆರು ತಿಂಗಳು ಶುರುವಾಗುವುದು ಆ ದಿನದಿಂದಲೇ. ಅಮ್ಮನಿಗೊಂದು ವಿಮೆ ಮಾಡಿಸಿದರಾಯಿತೆಂದು ಮಗಳು ಟಿವಿಯಲ್ಲಿ ಕಂಡ ಸೊನ್ನೆ ಪ್ರೀಮಿಯಂ ಯೋಜನೆಗೆ ಸೇರಿಸುವ ಮೊದಲು, ಬಿಟ್ಟುಕೊಡುತ್ತಿರುವುದು ಏನೆಂದು ತಿಳಿದಿರಬೇಕು. ಅದು ಇಂದಿನ ಪ್ರೀಮಿಯಂನ ಪ್ರಶ್ನೆಯಷ್ಟೇ ಅಲ್ಲ, ಹತ್ತು ವರ್ಷದ ನಂತರ ಮರಳಿ ಬರಲು ಸಾಧ್ಯವೇ ಎಂಬ ಪ್ರಶ್ನೆ.

1998ರಿಂದ 2003ರವರೆಗಿನ ಐದು ವರ್ಷ ಅಮೆರಿಕದ ಶಾಸನಕಾರರಿಗೆ ಎರಡು ಪಾಠ ಹೇಳಿತ್ತು. ಹಣ ಕಡಿಮೆಯಾದರೆ ಕಂಪನಿ ಹೋಗುತ್ತದೆ ಎಂಬುದು ಒಂದು. ಹೋಗುವ ಕಂಪನಿಯ ಹಿಂದೆ ಉಳಿಯುವವರಿಗೆ ಸಮನಾದ ಇನ್ನೊಂದು ನೆಲೆ ಸಿದ್ಧವಿರಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಅವರು ಚೆನ್ನಾಗಿ ಕಲಿತರು. ಕಂಪನಿಗಳನ್ನು ಉಳಿಸಿಕೊಳ್ಳಲು ಎಷ್ಟು ಬೇಕಾದರೂ ಕೊಡುವುದನ್ನು ರೂಢಿಸಿಕೊಂಡರು. ಎರಡನೆಯದು ಅರ್ಧದಲ್ಲೇ ನಿಂತಿದೆ. ನೆಲೆ ಸಿದ್ಧವಿದ್ದರೆ ಏನಾಗುತ್ತದೆ ಎಂಬುದನ್ನು ಎಎಆರ್‌ಪಿಯ ಲಕ್ಷಾಂತರ ಸದಸ್ಯರು 1998ರಲ್ಲೇ ಕಂಡಿದ್ದರು. ನಾಲ್ಕು ರಾಜ್ಯಗಳು ತಮ್ಮ ಕಾನೂನಿನಲ್ಲಿ ಅದನ್ನು ಬರೆದುಕೊಂಡಿವೆ. ಅಲ್ಲಿ ಪ್ರೀಮಿಯಂ ಒಂದಿಷ್ಟು ದುಬಾರಿ, ನಿಜ. ಕಾಯಿಲೆ ಬಿದ್ದ ಮೇಲೂ ಮರಳಿ ಬರಬಹುದೆಂಬ ಭರವಸೆಗೆ ತೆರುವ ಬೆಲೆ ಅದು. ಆರೋಗ್ಯವಿದ್ದಾಗ ಎಲ್ಲರೂ ಸೇರಿ ಒಂದಿಷ್ಟು ಹೆಚ್ಚು ಕೊಟ್ಟು, ಕಾಯಿಲೆಯಾದಾಗ ಯಾರನ್ನೂ ನಡುನೀರಿನಲ್ಲಿ ಬಿಡದಿರುವುದೇ ವಿಮೆ. ಆರೋಗ್ಯವಂತರಿಗೆ ಮಾತ್ರ ಆಯ್ಕೆಯನ್ನೂ ಕಂಪನಿಗಳಿಗೆ ಮಾತ್ರ ನಿರ್ಗಮನವನ್ನೂ ಕೊಡುವ ವ್ಯವಸ್ಥೆ ಆ ಕೆಲಸವನ್ನು ಮಾಡಲಾರದು, ಅದಕ್ಕೆ ಎಷ್ಟು ಸಲ ಹೊಸ ಹೆಸರಿಟ್ಟರೂ.